ದುರ್ಬೀನಮ್ಮ ಮತ್ತು ಕೆಂಪು ಛತ್ರಿ

ನನ್ನ ಅಕ್ಕನಿಗೆ ಹೊಟ್ಟೆಕಿಚ್ಚು ಶುರುವಾದದ್ದು ನಾನು ಹುಟ್ಟಿದ ವಾರ. ಅಮ್ಮ ನೀರು ತರಲು ಹೋದಾಗ ಇವಳು ನನ್ನನ್ನು ತೊಟ್ಟಿಲಿನಿಂದ ಎತ್ತಿ ನೆಲದ ಮೇಲೆ ಮಲಗಿಸಿ, ತಾನು ಕಾಲು ಮಡಚಿಕೊಂಡು ತೊಟ್ಟಿಲೊಳಗೆ ಮಲಗಿದ್ದಳಂತೆ. ಅಮ್ಮ ವಾಪಸು ಬಂದು ನೋಡಿದರೆ ನಾನು ನೆಲದ ಮೇಲೆ ಹಾಯಾಗಿ ನಿದ್ದೆ ಮಾಡುತ್ತಿದ್ದೆ, ಇವಳು ತೊಟ್ಟಿಲಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಬೇಕಾದ್ದು ಸಿಕ್ಕಿತಲ್ಲ, ಇನ್ನೂ ಯಾಕೆ ಅಳುತ್ತೀಯ ಎಂದು ಅಮ್ಮ ಕೇಳಿದ್ದಕ್ಕೆ, "ಅವಳಿಗೆ ನೆಲದ ಮೇಲೂ ನಿದ್ದೆ ಬರತ್ತೆ" ಎಂದಳಂತೆ. ಅಮ್ಮ ಸಾಯುವವರೆಗೂ ಈ ಕತೆಯನ್ನು ಬಂದ ನೆಂಟರಿಗೆಲ್ಲ ಹೇಳಿ ನಗುತ್ತಿದ್ದಳು. ಅಕ್ಕ ಒಮ್ಮೆಯೂ ನಕ್ಕಿಲ್ಲ.

ಈಗ ಅವಳಿಗೆ ಐವತ್ತರ ಹತ್ತಿರ. ಊರವರು ಅವಳನ್ನು ದುರ್ಬೀನಮ್ಮ ಎನ್ನುತ್ತಾರೆ, ಎದುರಿಗೂ ಹಾಗೇ ಕರೆಯುತ್ತಾರೆ. ನಮ್ಮ ಊರಿನ ರಸ್ತೆ ಬೆಟ್ಟ ಹತ್ತಿ ಹತ್ತಿ ಸುಸ್ತಾಗಿ ಕೊನೆಗೆ ಒಂದು ಚಪ್ಪಟೆ ಬಂಡೆಯ ಮೇಲೆ ನಿಂತುಬಿಡುತ್ತದೆ. ಅದೇ ವ್ಯೂ ಪಾಯಿಂಟ್. ಅಲ್ಲಿ ಕಬ್ಬಿಣದ ಬೇಲಿ, ಎರಡು ಬೆಂಚು, ತಗಡಿನ ಛಾವಣಿಯ ಒಂದು ಗೂಡು, ಗೂಡಿನ ಮುಂದೆ ಮೂರು ಕಾಲಿನ ಮೇಲೆ ನಿಂತ ಒಂದು ದೊಡ್ಡ ದುರ್ಬೀನು. ಗೂಡೂ ದುರ್ಬೀನೂ ಅಕ್ಕನ ಸುಪರ್ದಿಯಲ್ಲಿವೆ. ಪಕ್ಕದ ಚಹಾದ ಅಂಗಡಿ ನನ್ನದು. ಹೀಗಾಗಿ ನಾನು ಹುಟ್ಟಿದಾಗಿನಿಂದ ಇವತ್ತಿನವರೆಗೂ ಅವಳ ಕಣ್ಣಳತೆಯಲ್ಲೇ ಇದ್ದೇನೆ. ಅವಳ ವಿಷಯ ಹೇಳಲು ನನಗಿಂತ ಹೆಚ್ಚಿನ ಹಕ್ಕು ಯಾರಿಗೂ ಇಲ್ಲ.

ಬೇಲಿಯ ಆಚೆ ಕಣಿವೆ, ಕಣಿವೆಯ ಆಚೆ ಎದುರು ಬೆಟ್ಟ. ಕೆಳಗೆ ಪೈನ್ ಮರಗಳು. ಅವುಗಳ ಮೇಲೆ ಅವಳಿ ಜಲಪಾತ; ಒಂದು ಧಾರೆ ದಪ್ಪ, ಒಂದು ಸಣ್ಣ. ಜಲಪಾತದ ಮಗ್ಗುಲಲ್ಲಿ ಸದಾ ತಣ್ಣನೆಯ ಗಾಳಿ ಊದುವ ಒಂದು ಗವಿ. ಅದಕ್ಕೂ ಮೇಲೆ ಬರೀ ಹುಲ್ಲು. ಹುಲ್ಲು ಮುಗಿದ ಕಡೆ ಸೀಳುಬಂಡೆ. ಬೆಟ್ಟದ ನೆತ್ತಿಗೆ ಯಾರೋ ಕೊಡಲಿ ಹಾಕಿ, ಬೇಸರ ಬಂದು ಅರ್ಧಕ್ಕೇ ಬಿಟ್ಟು ಹೋದಂತಿದೆ ಅದು. ದಾಟಲು ಒಂದು ದೊಡ್ಡ ಹೆಜ್ಜೆ ಸಾಕು. ಆದರೆ ಆ ಹೆಜ್ಜೆಯ ಕೆಳಗೆ ಏನೂ ಇಲ್ಲ. ದಾಟಿದರೆ ಬೆಟ್ಟದ ಹಿಂಬದಿ, ಅಲ್ಲಿ ಒಂದು ಕೊಳ. ನಮ್ಮೂರಿಗೆ ಬರುವ ಪ್ರವಾಸಿಗಳೆಲ್ಲ ಬರುವುದು ಆ ಕೊಳಕ್ಕಾಗಿಯೇ.

ಕಷ್ಟವೆಂದರೆ ಮಂಜು. ಅದು ಬೆಟ್ಟದ ಬೆನ್ನ ಕಡೆಯಿಂದ ಬರುತ್ತದೆ. ಹತ್ತುತ್ತಿರುವವರಿಗೆ ಬೆಟ್ಟವೇ ಅಡ್ಡ, ಏನೂ ಕಾಣುವುದಿಲ್ಲ. ನಮ್ಮ ವ್ಯೂ ಪಾಯಿಂಟಿನಿಂದ ಮಾತ್ರ, ಎಡಗಡೆಯ ಸಂದಿಯಲ್ಲಿ ಅದು ತೆವಳಿಕೊಂಡು ಬರುವುದು ಕಾಣುತ್ತದೆ. ಅದಕ್ಕೇ ಅಜ್ಜಂದಿರ ಕಾಲದಿಂದ ಒಂದು ಏರ್ಪಾಡಿದೆ. ಗೈಡ್ ಆದವನು ಸೀಳುಬಂಡೆಯ ಹತ್ತಿರ ಜನರನ್ನು ನಿಲ್ಲಿಸಿ, ಇತ್ತ ತಿರುಗಿ ಬಟ್ಟೆ ಬೀಸಬೇಕು. ಇಲ್ಲಿಂದ ದುರ್ಬೀನಿನವರು ಉದ್ದನೆಯ ಕೋಲಿಗೆ ಕಟ್ಟಿದ, ಹಾಸಿಗೆಯ ಹೊದಿಕೆಯಷ್ಟು ದೊಡ್ಡ ಬಟ್ಟೆ ಎತ್ತಬೇಕು. ಬಿಳಿ ಎತ್ತಿದರೆ ದಾರಿ ಸಲೀಸು, ದಾಟಬಹುದು. ಕೆಂಪು ಎತ್ತಿದರೆ ಮಂಜು ಬರುತ್ತಿದೆ, ಹಿಂತಿರುಗಬೇಕು. ಏನೂ ಎತ್ತದಿದ್ದರೆ ನಿಂತಲ್ಲೇ ಕಾಯಬೇಕು. ಆ ಕಣಿವೆಯಲ್ಲಿ ಮೊಬೈಲು ಸತ್ತು ಬಿದ್ದಿರುತ್ತದೆ. ಪ್ರವಾಸೋದ್ಯಮ ಇಲಾಖೆಯ ಆಫೀಸಿನವರು ಒಮ್ಮೆ ವಾಕಿಟಾಕಿ ಕೊಟ್ಟು ನೋಡಿದರು. ಅದರಲ್ಲಿ ಗಾಳಿಯ ಸದ್ದು ಬಿಟ್ಟು ಇನ್ನೇನೂ ಕೇಳಲಿಲ್ಲ. ಅಂತೂ ಅಷ್ಟು ದೊಡ್ಡ ಬೆಟ್ಟ ಹೊಟ್ಟೆಕಿಚ್ಚಿನ ಒಬ್ಬ ಹೆಂಗಸಿನ ಕೈಯಲ್ಲಿತ್ತು.

ಗೈಡ್ ಬೇರೆ ಯಾರೂ ಅಲ್ಲ, ಅಕ್ಕನ ಗಂಡ, ನನ್ನ ಭಾವ. ಅಂಚೆ ಮಾಸ್ತರರ ಮಗಳು ಭಾವನ ಮೇಲೆ ಕಣ್ಣಿಟ್ಟಿದ್ದಾಳೆ ಎಂಬ ಸುದ್ದಿ ಬರುವವರೆಗೂ ಅಕ್ಕ ಅವರನ್ನು ತಿರುಗಿ ನೋಡಿರಲಿಲ್ಲ. ಸುದ್ದಿ ಬಂದ ಮೇಲೆ ಬೇರೆ ಯಾರನ್ನೂ ನೋಡಲಿಲ್ಲ. ಆ ವರ್ಷವೇ ಮದುವೆಯಾಯಿತು. ಮಕ್ಕಳಾಗಲಿಲ್ಲ, ಆಗಿದ್ದರೆ ಭಾವ ಮಕ್ಕಳನ್ನು ಎತ್ತಿಕೊಂಡಾಗಲೆಲ್ಲ ಇವಳು ಮುಖ ಊದಿಸಿಕೊಂಡು ಕೂರುತ್ತಿದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಭಾವ ಮನೆಯಲ್ಲಿ ಮಾತ್ರ ಪಾಲಿಸುತ್ತಿದ್ದರು. ಸಂಜೆ ಬೆಟ್ಟ ಇಳಿದು ಬಂದರೆ "ಊಟ ಆಯ್ತಾ?" ಎಂಬುದೊಂದೇ ಮಾತು. ಆಮೇಲೆ ಸ್ಟೂಲಿನ ಮೇಲೆ ಕೂತು ಬೂಟಿಗೆ ಎಣ್ಣೆ ಹಚ್ಚುವುದು. ಹೊಲಿಗೆ ಹೊಲಿಗೆಗೂ ಬೆರಳಿಟ್ಟು, ಬೂಟಿನ ನಾಲಿಗೆ ಮಡಿಸಿ ನೋಡಿ, ಮಗುವಿಗೆ ಎಣ್ಣೆ ಹಚ್ಚಿದ ಹಾಗೆ ಹಚ್ಚುತ್ತಿದ್ದರು. "ಆ ಬೂಟಿಗಿರೋ ಭಾಗ್ಯ ನನಗಿಲ್ಲ" ಎಂದು ಅಕ್ಕ ಗೊಣಗುತ್ತಿದ್ದಳು. ಆದರೆ ಅದೇ ಗಂಡಸು ಬೆಟ್ಟದ ಮೇಲೆ ಕೈ ಬೀಸಿ, ತಲೆ ಅಲ್ಲಾಡಿಸಿ, ಪ್ರವಾಸಿಗಳನ್ನು ಹೊಟ್ಟೆ ಹಿಡಿದುಕೊಂಡು ನಗಿಸುವುದನ್ನು ಅವಳು ದುರ್ಬೀನಿನಲ್ಲಿ ದಿನಾ ನೋಡುತ್ತಿದ್ದಳು. ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಶಿಕ್ಷೆ ನನ್ನ ಅಕ್ಕನಿಗೆ ಯಾರೂ ಕೊಡಲಾರರು.

ಇನ್ನೊಂದು ಸಂಕಟ ಕೊಳದ್ದು. ಭಾವ ಜನರನ್ನು ಕೊಳಕ್ಕೆ ಕರೆದುಕೊಂಡು ಹೋಗುವ ದಿನ ಅಕ್ಕ ದುರ್ಬೀನಿನ ಹತ್ತಿರ ಇರಲೇಬೇಕು. ಅಕ್ಕನಿಗೆ ಬಿಡುವಿರುವ ದಿನವೆಂದರೆ ದಾರಿ ಮುಚ್ಚಿದ ದಿನ. ಹೀಗಾಗಿ ಗೈಡಿನ ಹೆಂಡತಿಯಾಗಿ ಇಷ್ಟು ವರ್ಷವಾದರೂ ಅವಳು ಆ ಕೊಳವನ್ನು ಕಂಡಿರಲಿಲ್ಲ. ಎಲ್ಲಿಂದಲೋ ಬಂದವರು ನೋಡಿ ಬಂದು, ನನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೂರುತ್ತಿದ್ದರು. ಅಕ್ಕ ಗೂಡಿನಿಂದ ಕತ್ತು ಚಾಚಿ, "ಹೇಗಿತ್ತು ಕೊಳ?" ಎಂದು ಕೇಳುತ್ತಿದ್ದಳು. ಒಬ್ಬರು ನೀಲಿ ಎನ್ನುವರು, ಒಬ್ಬರು ಹಸಿರು ಎನ್ನುವರು. ಕೆಲವರು ಕಣ್ಣು ಮುಚ್ಚಿ, "ಮಾತಲ್ಲಿ ಹೇಳಕ್ಕಾಗಲ್ಲಮ್ಮಾ" ಎನ್ನುವರು. ಅಂಥವರ ಚಹಾಕ್ಕೆ ಸಕ್ಕರೆ ಕಡಿಮೆ ಹಾಕು ಎಂದು ಅವಳು ನನಗೆ ಕಣ್ಸನ್ನೆ ಮಾಡುತ್ತಿದ್ದಳು. ನಾನು ಹಾಕುತ್ತಿದ್ದೆ ಕೂಡ.

ಗುಂಪಿನಲ್ಲಿ ಚೆಂದದ ಹೆಂಗಸರಿದ್ದರೆ ಬಿಳಿ ಬಟ್ಟೆ ಏಳುವುದು ಸ್ವಲ್ಪ ತಡವಾಗುತ್ತಿತ್ತು. ಪಾಪ, ಅವರು ಸೀಳುಬಂಡೆಯ ಹತ್ತಿರ ಗಾಳಿಗೆ ನಡುಗುತ್ತ ನಿಂತಿರುತ್ತಿದ್ದರು. "ಎತ್ತೇ ಅಕ್ಕ" ಎಂದರೆ, "ಸುಕ್ಕು ಬಿಡಿಸ್ತಿದೀನಿ, ಕಾಣಲ್ವಾ?" ಎನ್ನುತ್ತಿದ್ದಳು. ಎಷ್ಟು ತಡವಾದರೂ ಭಾವ ಬಟ್ಟೆ ಏಳುವವರೆಗೆ ಕಲ್ಲಿನ ಹಾಗೆ ನಿಂತಿರುತ್ತಿದ್ದರು. ಅದು ಅವಳಿಗೆ ಒಂದು ಸಮಾಧಾನ. ಯಾರ ಜೊತೆ ನಕ್ಕರೇನು, ನಾನು ಬಟ್ಟೆ ಎತ್ತದೆ ಹೆಜ್ಜೆ ಕಿತ್ತಿಡುವ ಹಾಗಿಲ್ಲ ಎಂದು ಅವಳು ಎದೆ ಸೆಟೆಸಿ ಹೇಳುವುದನ್ನು ನಾನೇ ಕೇಳಿದ್ದೇನೆ.

ಹೀಗಿರುವಾಗ ಈ ಸಲದ ಸೀಸನ್ನಿಗೆ ಕೆಂಪು ಛತ್ರಿ ಬಂದಳು.

ಅವಳು ಚಿತ್ರ ಬರೆಯುವವಳು. ಬೇಕರಿಯ ಮಾಳಿಗೆ ಮೇಲಿನ ಕೋಣೆಯನ್ನು ಇಡೀ ಸೀಸನ್ನಿಗೆ ಹಿಡಿದಿದ್ದಳು. ಬಿಸಿಲಿರಲಿ ಮೋಡವಿರಲಿ, ಕೆಂಪು ಛತ್ರಿ ಬಿಚ್ಚಿಕೊಂಡು ಭಾವನ ಗುಂಪಿನ ಜೊತೆ ಹೊರಡುವಳು. ಮೊದಲು ಅವಳಿ ಜಲಪಾತ ಬರೆದಳು. ಆಮೇಲೆ ಗವಿಯ ಬಾಯಿ, ಅದರಿಂದ ಹೊರಗೆ ನೋಡಿದರೆ ಕಾಣುವ ನಮ್ಮ ಊರು, ಹುಲ್ಲಿನ ಮೇಲೆ ಬಿದ್ದ ಮೋಡದ ನೆರಳು. ಬರೆದದ್ದನ್ನೆಲ್ಲ ಸಂಜೆ ನನ್ನ ಅಂಗಡಿಯ ಮೇಜಿನ ಮೇಲೆ ಹರಡಿ, ಒಣಗಲಿ ಎಂದು ಇಡುತ್ತಿದ್ದಳು. ನನಗೆ ಅವಳು ಇಷ್ಟವಾಗಿದ್ದಳು. ಅದನ್ನು ಅಕ್ಕನ ಮುಂದೆ ಹೇಳುವಷ್ಟು ದಡ್ಡಿ ನಾನಲ್ಲ.

ಒಂದು ದಿನ ಅಕ್ಕ ನನ್ನನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ದುರ್ಬೀನಿಗೆ ಕಣ್ಣು ಒತ್ತಿಸಿದಳು.

"ಮುಂದೆ ಯಾರು?"

"ಛತ್ರಿ."

"ಹಿಂದೆ?"

"ಭಾವ."

"ಗೈಡ್ ಯಾರು ಅವರಿಬ್ಬರಲ್ಲಿ?"

ನಿಜವಾಗಿಯೂ ಭಾವ ಛತ್ರಿಯ ಬೆನ್ನಿಗೇ ಅಂಟಿಕೊಂಡು ನಡೆಯುತ್ತಿದ್ದರು. ಸೀಳುಬಂಡೆಯ ಹತ್ತಿರ ಅವಳೇ ಮೊದಲು ದಾಟಿ, ತಿರುಗಿ ನಿಂತು, ಕೈ ಚಾಚಿದಳು. ಭಾವ ಆ ಕೈ ಹಿಡಿದು ದಾಟಿದರು. ಇಷ್ಟು ವರ್ಷ ಊರಿಗೆ ಬಂದವರೆಲ್ಲರ ಕೈ ಹಿಡಿದು ದಾಟಿಸಿದ ಗಂಡಸು!

"ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ ಅಕ್ಕ," ಎಂದೆ ನಾನು, ಏನಾದರೂ ಹೇಳಬೇಕಲ್ಲ ಎಂದು. "ದೂರದಿಂದ ಏನೇನೋ ಕಾಣತ್ತೆ, ಹತ್ರ ಹೋದ್ರೆ ಏನೂ ಇರಲ್ಲ."

"ಅದು ದುರ್ಬೀನು ಇಲ್ಲದವರಿಗೆ" ಎಂದಳು ಅಕ್ಕ.

ಅಲ್ಲಿಂದ ಮುಂದೆ ಅವಳಿಗೆ ಕಂಡದ್ದೆಲ್ಲ ಸಾಕ್ಷಿಯೇ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ಆದರೆ ಲೋಕವೂ ಸ್ವಲ್ಪ ಹಳದಿಯಾಗಿಯೇ ಇತ್ತು ಎಂದು ನಾನು ಒಪ್ಪಿಕೊಳ್ಳಬೇಕು. ಭಾವ ಬೂಟಿಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದ್ದರು. ಊಟಕ್ಕೆ ಕೂತರೆ ತಟ್ಟೆ ನೋಡುತ್ತಿರಲಿಲ್ಲ, ಎಲ್ಲೋ ಯೋಚನೆ, ಕೈ ತಾಗಿ ನೀರಿನ ಲೋಟ ಉರುಳುತ್ತಿತ್ತು. ಒಂದು ಬೆಳಿಗ್ಗೆ ಅಕ್ಕ ಹಾಲು ತೆಗೆದುಕೊಂಡು ಬರುತ್ತಿದ್ದಾಗ ಭಾವ ಎದುರಿಗೆ ಬಂದರು. ಅವಳು ನಕ್ಕಳು. ಅವರು ಯಾರೋ ಗುರುತಿಲ್ಲದವರನ್ನು ದಾಟಿ ಹೋಗುವ ಹಾಗೆ, ಪಕ್ಕದಲ್ಲೇ ಹೋಗಿಬಿಟ್ಟರು. ಹಾಲು ಚೆಲ್ಲಿದ್ದೂ ಗೊತ್ತಾಗದೆ ಅವಳು ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತಳು.

"ನಾನು ಅವರ ಕಣ್ಣಿಗೇ ಬೀಳ್ತಿಲ್ಲ ಕಣೇ," ಎಂದಳು. "ಬೇರೆ ಹೆಂಗಸರ ಜೊತೆ ನಗ್ತಿದ್ರು, ನಗಲಿ. ಆದ್ರೆ ಆವಾಗ ನಾನು ಇದ್ದೆ. ಈಗ ನಾನು ಇಲ್ಲ."

ಆವತ್ತು ಮೊದಲ ಸಲ ನನಗೆ ನಗು ಬರಲಿಲ್ಲ. ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ, ಅದು ಊರಿಗೇ ಗೊತ್ತು. ಆದರೆ ಅವಳು ಹೀಗೆ ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವಳಿಗೆ ಹೆದರಿಕೆಯಾಗಿತ್ತು. ಗಂಡ ಕೈತಪ್ಪಿ ಹೋಗುತ್ತಿದ್ದಾನೆ, ಅದನ್ನು ತಾನು ದಿನಾ ಕಣ್ಣಾರೆ ನೋಡುತ್ತಿದ್ದೇನೆ, ಆದರೂ ತಡೆಯಲಾಗುತ್ತಿಲ್ಲ ಎಂಬ ಹೆದರಿಕೆ.

ಉರಿಯುವ ಬೆಂಕಿಗೆ ತುಪ್ಪ ಸುರಿಯಲು ಛತ್ರಿಯೇ ಬಂದಳು. ಭಾವ ಹಗ್ಗ ತರಲು ಪೇಟೆಗೆ ಹೋಗಿದ್ದ ದಿನ ಅದು. ಬೆಟ್ಟಕ್ಕೆ ಯಾರೂ ಹೊರಟಿರಲಿಲ್ಲ. ಅವಳು ಚಹಾ ಕುಡಿದು, ದುರ್ಬೀನಿನ ಹತ್ತಿರ ಹೋಗಿ, ನೋಡಬಹುದಾ ಎಂದು ಕೇಳಿ ನೋಡಿದಳು.

"ಅಯ್ಯೋ, ಇಷ್ಟು ಹತ್ರ ಕಾಣತ್ತಾ! ನಾವು ಅಲ್ಲಿ ಮೂಗು ಕೆರ್ಕೊಂಡ್ರೂ ನಿಮಗೆ ಗೊತ್ತಾಗತ್ತೆ."

"ಎಲ್ಲಾ ಗೊತ್ತಾಗತ್ತೆ" ಎಂದಳು ಅಕ್ಕ. ಆ 'ಎಲ್ಲಾ'ದಲ್ಲಿ ಇದ್ದ ಮೆಣಸಿನಕಾಯಿ ಛತ್ರಿಗೆ ತಾಗಲಿಲ್ಲ. ಅವಳು ಸ್ವಲ್ಪ ಹೊತ್ತು ಬೇಲಿಯ ಕಂಬಿ ಹಿಡಿದು ನಿಂತಳು. ಆಮೇಲೆ ದನಿ ಇಳಿಸಿ ಕೇಳಿದಳು.

"ನಿಮ್ಮ ಯಜಮಾನರು ನಿಮಗೆ ಏನಾದ್ರೂ ಹೇಳಿದ್ರಾ?"

"ಏನು ಹೇಳ್ಬೇಕಿತ್ತು?"

"ಇನ್ನೂ ಹೇಳಿಲ್ವಾ..." ಅವಳ ಮುಖ ಸಣ್ಣದಾಯಿತು. "ಬೇಡ, ಅವರ ಬಾಯಿಂದಲೇ ಬರಲಿ. ನಾನು ಹೇಳೋದು ಸರಿಯಲ್ಲ. ಮನೇಲಿ ಹೇಳಿಬಿಡಿ, ಎಷ್ಟು ದಿನ ಅಂತ ಮುಚ್ಚಿಡ್ತೀರಿ ಅಂತ ನಾನು ದಿನಾ ಬಡ್ಕೋತಿದೀನಿ."

ಅಷ್ಟು ಹೇಳಿ ಛತ್ರಿ ಬಿಚ್ಚಿಕೊಂಡು ಹೊರಟೇಹೋದಳು. ಅಕ್ಕ ನನ್ನ ಕಡೆ ತಿರುಗಿದಳು. ಅವಳ ತುಟಿ ಬೆಳ್ಳಗಾಗಿತ್ತು.

"ಕೇಳಿಸ್ಕೊಂಡ್ಯಾ? ನನ್ನೆದುರಿಗೇ ಬಂದು ಹೇಳಿ ಹೋದಳಲ್ಲೇ! ಇನ್ನೇನು ಉಳೀತು? ನನ್ನ ಬಿಟ್ಟು ಹೋಗ್ತಾರೆ."

"ಹಾಗೇ ಇರಬೇಕು ಅಂತ ಏನಿಲ್ಲ. ಸಂಜೆ ಭಾವ ಬಂದಾಗ ಕೇಳು."

"ಕೇಳಲ್ಲ. ನಾನು ಕೇಳಿ, ಅವರು ಹೌದು ಅಂದ್ರೆ?"

ಜೀವಮಾನವಿಡೀ ಜಗಳದಲ್ಲಿ ಎತ್ತಿದ ಕೈಯೆನಿಸಿಕೊಂಡ ಅಕ್ಕ ಆವತ್ತು ರಾತ್ರಿ ಬಾಯಿಯೇ ತೆಗೆಯಲಿಲ್ಲ.

ಮಾರನೆಯ ದಿನ ಆಕಾಶ ಶುಭ್ರವಾಗಿತ್ತು. ದೊಡ್ಡ ಗುಂಪು ಹೊರಟಿತು. ಅಕ್ಕ ಬೆಳಗಿನಿಂದ ದುರ್ಬೀನಿಗೆ ಕಣ್ಣು ಅಂಟಿಸಿ ಕೂತಿದ್ದಳು. ನಾನು ತಂದಿಟ್ಟ ಚಹಾ ಆರಿ ಕೆನೆಗಟ್ಟಿತು. ಹುಲ್ಲಿನ ಏರಿನಲ್ಲಿ ದಪ್ಪಗಿದ್ದ ಒಬ್ಬ ಪ್ರವಾಸಿ ಕಾಲು ಹಿಡಿದುಕೊಂಡು ಕೂತುಬಿಟ್ಟ. ಅವನನ್ನು ನೋಡಿಕೊಳ್ಳಲು ಕೆಂಪು ಛತ್ರಿ ಹಿಂದೆ ಉಳಿಯಿತು. ಭಾವ ಉಳಿದವರ ಜೊತೆ ಸೀಳುಬಂಡೆಗೆ ಬಂದು, ಇತ್ತ ತಿರುಗಿ ಬಟ್ಟೆ ಬೀಸಿದರು.

ಅಕ್ಕ ಕೋಲು ಮುಟ್ಟಲಿಲ್ಲ. ಕೈಕಟ್ಟಿಕೊಂಡು ಕೂತಳು.

"ಎತ್ತೇ. ಮಂಜಿಲ್ಲ, ಏನಿಲ್ಲ."

"ಕಾಯಲಿ. ಅವಳು ಬರೋವರೆಗೂ ಕಾಯೋದು ಅವರಿಗೂ ಇಷ್ಟವೇ ಅಲ್ವಾ? ಇವತ್ತು ನಾನು ಎತ್ತಲ್ಲ. ಇಡೀ ದಿನ ಅಲ್ಲೇ ನಿಂತಿರಲಿ. ಕೊಳ ಅಂತೆ ಕೊಳ!"

ನಾನು ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ತಾನೇ ಎದ್ದು ನಿಂತಳು, ಮತ್ತೆ ದುರ್ಬೀನಿಗೆ ಬಗ್ಗಿದಳು.

"ದಾಟಿದ್ರು" ಎಂದಳು.

"ಏನು?"

"ನಾನು ಎತ್ತೇ ಇಲ್ಲ. ದಾಟಿಬಿಟ್ರು. ಜನಾನೂ ದಾಟಿಸ್ತಿದಾರೆ."

ಇಷ್ಟು ವರ್ಷದಲ್ಲಿ ಹಾಗಾಗಿರಲಿಲ್ಲ. ಅಕ್ಕನ ಮುಖದಲ್ಲಿ ಸಿಟ್ಟಿರಲಿಲ್ಲ. ಯಾರೋ ಕೆನ್ನೆಗೆ ಹೊಡೆದು ಓಡಿಹೋದ ಹಾಗಿತ್ತು. ತನ್ನ ಕೈಯಲ್ಲಿದ್ದ ಒಂದೇ ಒಂದು ಹಗ್ಗ, ಅದನ್ನೂ ಆ ಮನುಷ್ಯ ಹೀಗೆ ಕಿತ್ತೆಸೆದು ನಡೆದಿದ್ದ. ಅವಳು ಅದನ್ನೇ ನೋಡುತ್ತ ನಿಂತಿದ್ದಳು. ಎಡಗಡೆಯ ಸಂದಿಯನ್ನು ನೋಡಿದವಳು ನಾನು.

"ಅಕ್ಕ, ಮಂಜು!"

ಬಿಳಿ ಗೋಡೆ ಎದ್ದಂತೆ ಬರುತ್ತಿತ್ತು. ಅಕ್ಕ ಹಾರಿ ಕೆಂಪು ಬಟ್ಟೆಯ ಕೋಲು ಎಳೆದುಕೊಂಡಳು, ತಲೆಯ ಮೇಲೆ ಎತ್ತಿ ಅಲ್ಲಾಡಿಸಿದಳು. ನಾನು ದುರ್ಬೀನಿಗೆ ಓಡಿದೆ. ಭಾವ ಇತ್ತ ತಿರುಗಿ ನೋಡಿದರು. ಚೆನ್ನಾಗಿಯೇ ನೋಡಿದರು, ಮುಖ ಪೂರ್ತಿ ನಮ್ಮ ಕಡೆಗಿತ್ತು. ನೋಡಿ, ಸರಿ ಎಂಬಂತೆ ಕೈ ಬೀಸಿ, ಮತ್ತೆ ಬೆನ್ನು ಹಾಕಿ ಕೊಳದ ದಾರಿ ಹಿಡಿದರು.

"ನೋಡಿದ್ರಾ? ನೋಡಿದ್ರಾ?" ಅಕ್ಕ ಕಿರುಚುತ್ತಿದ್ದಳು.

"ನೋಡಿದ್ರು. ನೋಡಿಯೂ ಹೋಗ್ತಿದಾರೆ."

ಅಕ್ಕ ಬೇಲಿ ಹತ್ತಿ ಕೋಲು ಎತ್ತಿದಳು. ನಾನು ಅವಳ ಕೋಟಿನ ಹಿಂಬದಿ ಹಿಡಿದುಕೊಂಡೆ, ಇಲ್ಲದಿದ್ದರೆ ಕಣಿವೆಗೇ ಬೀಳುತ್ತಿದ್ದಳು. ಅವಳು ಅವರ ಹೆಸರು ಹಿಡಿದು ಕೂಗುತ್ತಿದ್ದಳು. ಅಷ್ಟು ದೂರಕ್ಕೆ ಯಾರ ಕೂಗು ತಲುಪುತ್ತದೆ? ಆಗ ಸೀಳುಬಂಡೆಯ ಹತ್ತಿರ ಕೆಂಪು ಛತ್ರಿ ಕಾಣಿಸಿತು. ನಿಂತಿತು. ನಮ್ಮ ಕಡೆ ತಿರುಗಿತು. ಮರುಕ್ಷಣ ಛತ್ರಿ ಅಲ್ಲೇ ಬಿತ್ತು. ಅವಳು ಒಂದೇ ನೆಗೆತಕ್ಕೆ ಬಿರುಕು ದಾಟಿ ಓಡಿದಳು. ಭಾವನ ರಟ್ಟೆ ಹಿಡಿದಳು. ಎಲ್ಲರನ್ನೂ ಕೈ ಬೀಸಿ ತಿರುಗಿಸಿದಳು. ಒಬ್ಬೊಬ್ಬರನ್ನೇ ಇತ್ತ ದಾಟಿಸಿ, ಕೊನೆಗೆ ಭಾವನ ತೋಳಿಗೆ ತೋಳು ಸೇರಿಸಿ ದಾಟಿಸಿದಳು. ಅವರು ಹುಲ್ಲಿಗೆ ಇಳಿಯುವಷ್ಟರಲ್ಲಿ ಸೀಳುಬಂಡೆ ಮಂಜಿನೊಳಗೆ ಹೋಗಿತ್ತು.

ಅಕ್ಕ ಬೆಂಚಿನ ಮೇಲೆ ಕುಸಿದು ಕೂತಳು. "ನಾನು ಕರೆದ್ರೆ ಬರ್ಲಿಲ್ಲ," ಎಂದಳು. "ಅವಳು ಕರೆದ್ರೆ ಬಂದ್ರು."

ಸಂಜೆ ಗುಂಪು ನನ್ನ ಅಂಗಡಿಗೆ ಬಂತು. ಜೀವ ಉಳಿದ ಖುಷಿಗೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಕಾಲು ನೋವಿನವನು ಮಾತ್ರ ಮೆಲ್ಲಗೆ ಚಹಾ ಊದುತ್ತ ಕೂತಿದ್ದ. ಒಬ್ಬ ಹುಡುಗಿ ಅಕ್ಕನನ್ನು ನೋಡಿ, "ಯಾಕಮ್ಮಾ, ಮೊದಲು ಬಿಳಿ ತೋರಿಸಿ ಆಮೇಲೆ ಕೆಂಪು ತೋರಿಸಿದ್ರಿ?" ಎಂದಳು.

"ಬಿಳಿ ತೋರಿಸಿದೆ ಅಂತ ಯಾರು ಹೇಳಿದ್ದು?"

"ಗೈಡೇ ಹೇಳಿದ್ರು. ಬಿಳಿ ಬಂತು, ನಡೀರಿ ಅಂತ."

ಅಕ್ಕ ಎದ್ದಳು. ದುರ್ಬೀನಿಗೆ ಮುಸುಕು ಹಾಕಲಿಲ್ಲ, ಗೂಡಿಗೆ ಬೀಗ ಹಾಕಲಿಲ್ಲ. ನೇರವಾಗಿ ಮನೆಯ ದಾರಿ ಹಿಡಿದಳು. ಪಾತ್ರೆ ಹಾರಿದರೆ ಹಿಡಿಯಲು ಒಬ್ಬರಾದರೂ ಬೇಕಲ್ಲ ಎಂದು ನಾನೂ ಹಿಂದೆ ಓಡಿದೆ.

ಅವರ ಮನೆ ರಸ್ತೆಯ ತಿರುವಿನಲ್ಲಿ, ಎರಡೇ ಕೋಣೆ. ಇನ್ನೂ ದೀಪ ಹಚ್ಚಿರಲಿಲ್ಲ. ಭಾವ ಸ್ಟೂಲಿನ ಮೇಲೆ, ಬೂಟು ಬಿಚ್ಚದೆ ಕೂತಿದ್ದರು. ನಾನು ನನ್ನ ಶಾಲನ್ನು ಬಾಗಿಲ ಪಕ್ಕದ ಗೂಟಕ್ಕೆ ಹಾಕಿ ಒಲೆಯ ಹತ್ತಿರ ಸರಿದು ನಿಂತೆ.

"ಯಾಕೆ ದಾಟಿದ್ರಿ?" ಎಂದಳು ಅಕ್ಕ.

"ನೀನು ಬಿಳಿ ಎತ್ತಿದ್ಯಲ್ಲ."

"ಎತ್ತಿಲ್ಲ."

"ಎತ್ತಿದ್ಯಪ್ಪ. ನೋಡಿದೆ."

"ಸುಳ್ಳು! ನಾನು ಕೈ ಕಟ್ಟಿಕೊಂಡು ಕೂತಿದ್ದೆ. ಕೋಲು ಮುಟ್ಟಿಲ್ಲ. ಬೇಕಾದ್ರೆ ಇವಳನ್ನೇ ಕೇಳಿ."

ಭಾವ ತಿರುಗಿದರು. ಗೂಟಕ್ಕೆ ನೇತುಹಾಕಿದ್ದ ನನ್ನ ಶಾಲನ್ನು ನೋಡಿ, "ಹೌದೇನಮ್ಮಾ?" ಎಂದರು.

ನಾನು ಒಲೆಯ ಹತ್ತಿರವೇ ಇದ್ದೆ. ಅಕ್ಕ ಇದನ್ನು ಗಮನಿಸಲಿಲ್ಲ, ಅವಳಿಗೆ ತಡೆಯಲಾಗುತ್ತಿರಲಿಲ್ಲ.

"ನನಗೆ ಏನೋ ಹೇಳೋದಿದೆಯಂತಲ್ಲ. ಅವಳು ದಿನಾ ಬಡ್ಕೋತಾಳಂತಲ್ಲ, ಹೇಳಿ ಹೇಳಿ ಅಂತ. ಈಗ ಹೇಳಿ. ನನ್ನ ಬಿಡ್ತೀರಾ?"

"ಬಿಡೋದಾ?" ಭಾವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಬಿಟ್ಟು ಎಲ್ಲಿಗೆ ಹೋಗ್ಲಿ?"

"ಅವಳ ಜೊತೆ!"

ಭಾವ ಬಗ್ಗಿ ಬೂಟಿನ ದಾರ ಹುಡುಕಿದರು; ಬೆರಳು ದಾರದ ಪಕ್ಕದಲ್ಲೇ ತಡಕಾಡಿತು.

"ಬಟ್ಟೆ ಕಾಣಲ್ಲ ಕಣೇ," ಎಂದರು. "ಈ ಸೀಸನ್ ಶುರುವಾದಾಗಿಂದ ಕಾಣ್ತಿಲ್ಲ. ಗೂಡೂ ಕಾಣಲ್ಲ. ಕಾಲಿಗೆ ದಾರಿ ಗೊತ್ತು, ಹೇಗೋ ನಡೀತೀನಿ. ಆ ಛತ್ರಿ ಕೆಂಪಲ್ವಾ, ಅದೊಂದು ಕಾಣತ್ತೆ, ಅದರ ಹಿಂದೆ ಹೋಗ್ತೀನಿ. ಬಟ್ಟೆ ಯಾವುದು ಅಂತ ಅವರೇ ಹೇಳ್ತಿದ್ರು. ಇವತ್ತು ಅವರು ಹಿಂದೆ ಉಳಿದ್ರು. ಜನ ನನ್ನ ಬಾಯಿ ನೋಡ್ತಾ ನಿಂತಿದ್ರು. ಎಷ್ಟು ಹೊತ್ತು ಅಂತ ನಿಲ್ಲೋದು? ಇಷ್ಟೊತ್ತಿಗೆ ನೀನು ಎತ್ತಿರ್ತೀಯ ಅಂದ್ಕೊಂಡೆ."

ಅಕ್ಕ ನಿಂತಲ್ಲೇ ನಿಂತಿದ್ದಳು.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಾರನೇ ದಿನದಿಂದ ನೀನು ಬಿಳಿ ಎತ್ತುತ್ತಿರ್ಲಿಲ್ಲ. ಬೆಟ್ಟ ಬಿಟ್ರೆ ನನಗೆ ಏನು ಗೊತ್ತು? ಪೇಟೆ ಆಸ್ಪತ್ರೇಲಿ ಆಪರೇಷನ್ ಮಾಡಿಸಿದ್ರೆ ಸರಿಹೋಗತ್ತಂತೆ, ಅವರು ಹೇಳ್ತಾನೇ ಇದ್ದಾರೆ. ಸೀಸನ್ ಒಂದು ಮುಗೀಲಿ ಅಂತ ನಾನೇ ಮುಂದಕ್ಕೆ ಹಾಕ್ತಾ ಬಂದೆ."

ನನಗೆ ಹೋದ ಜೀವ ಬಂದ ಹಾಗಾಯಿತು. ಇಷ್ಟೇ ತಾನೇ, ಗಂಡ ಎಲ್ಲಿಗೂ ಹೋಗುತ್ತಿಲ್ಲವಲ್ಲ! ಆದರೆ ಅಕ್ಕನ ಮುಖ ನೋಡಿದರೆ ಅವಳಿಗೆ ಇದು ಸಾಲಲಿಲ್ಲ.

"ನನಗೆ ಹೇಳ್ಲಿಲ್ಲ," ಎಂದಳು. "ಅವಳಿಗೆ ಹೇಳಿದ್ರಿ. ನನಗಿಂತ ಮೊದಲು ಅವಳಿಗೆ ಹೇಳಿದ್ರಿ."

"ಅವರಿಗೂ ನಾನು ಹೇಳ್ಲಿಲ್ಲ. ಅವರೇ ಕಂಡುಹಿಡಿದ್ರು. ಬಂದ ಮೊದಲನೇ ದಿನ, ಜಲಪಾತದ ಹತ್ರ. ನನ್ನ ಮುಖದ ಚಿತ್ರ ಬರೀತಿದ್ರು. ಕಣ್ಣು ಬರೆಯೋವಾಗ ಪೆನ್ಸಿಲ್ ಕೆಳಗಿಟ್ಟು, ಪೊರೆ ಬಂದಿದೆಯಲ್ಲ, ನಿಮಗೆ ಕಾಣತ್ತಾ ಅಂದ್ರು."

ಅಕ್ಕ ದೀಪ ಹಚ್ಚಿದಳು. ಅದನ್ನು ತಂದು ಭಾವನ ಮುಖದ ಹತ್ತಿರ ಹಿಡಿದಳು, ಗಲ್ಲ ಹಿಡಿದು ತಲೆ ಮೇಲಕ್ಕೆತ್ತಿದಳು. ಎರಡು ಕಣ್ಣಲ್ಲೂ, ಕರಿಯ ಗುಡ್ಡೆಯ ನಡುವೆ, ಹಾಲಿನ ಕೆನೆಯ ಹಾಗೆ ಬೆಳ್ಳಗೆ ಕಟ್ಟಿಕೊಂಡಿತ್ತು. ಒಲೆಯ ಹತ್ತಿರ ನಿಂತಿದ್ದ ನನಗೂ ಕಾಣಿಸಿತು. ಅವಳು ಬಹಳ ಹೊತ್ತು ಹಾಗೇ ನೋಡಿದಳು. ಭಾವ ಕಣ್ಣು ಮಿಟುಕಿಸದೆ ನೋಡಿಸಿಕೊಂಡರು.

"ನೀನು ದಿನಾ ದುರ್ಬೀನಲ್ಲಿ ನೋಡ್ತಿದ್ಯಲ್ಲ," ಎಂದರು. ದನಿಯಲ್ಲಿ ದೂರೇನೂ ಇರಲಿಲ್ಲ. "ನಾನು ಹೇಳ್ದೇ ಇದ್ರೂ ನಿನಗೇ ಗೊತ್ತಾಗತ್ತೆ ಅಂತ ಕಾಯ್ತಿದ್ದೆ."

ಅಕ್ಕ ದೀಪ ಇಳಿಸಿ ನೆಲದ ಮೇಲಿಟ್ಟಳು.

"ನಾನು ಅವಳನ್ನ ನೋಡ್ತಿದ್ದೆ ರೀ" ಎಂದಳು.